ಬಕೆಟ್ಟಿನ ಟೋಪಿ

ನನ್ನ ತಮ್ಮನಿಗೆ ಅಡಿಗೆ ಕಲಿಸಿದ್ದು ನಾನೇ. ಉಪ್ಪಿನ ಹದ ಮಾತ್ರ ಅವನ ತಲೆಗೆ ಹತ್ತಲೇ ಇಲ್ಲ; ಅದಕ್ಕೇ ಎಲ್ಲರೂ ಅವನನ್ನು ಉಪ್ಪಣ್ಣ ಎಂದು ಕರೆಯುತ್ತಿದ್ದರು. ಯುದ್ಧ ಶುರುವಾದ ಮೇಲೆ ನಾವಿಬ್ಬರೂ ಒಂದೇ ಸರಕಿನ ಹಡಗಿಗೆ ಅಡಿಗೆಯವರಾಗಿ ಹೊರಟಾಗ ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಇಬ್ರೂ ಒಂದೇ ಹಡಗು ಹತ್ತಬೇಡಿ. ಒಬ್ಬನಾದ್ರೂ ಮನೆಗೆ ಬರ್ಲಿ."

ಸಮುದ್ರಕ್ಕೆ ಹೋಗುವವರ ಮನೆಗಳಲ್ಲೆಲ್ಲ ಇದೇ ಕಟ್ಟಳೆ. ಉಪ್ಪಣ್ಣ ಬೇರೆ ಹಡಗು ಹತ್ತಿದ, ಅದು ನಮ್ಮ ಪಕ್ಕದಲ್ಲೇ ಹೊರಟಿತು. ಈ ಕಟ್ಟಳೆ ಮಾಡಿದ ಪುಣ್ಯಾತ್ಮರು ಒಮ್ಮೆ ನನ್ನ ಜಾಗದಲ್ಲಿ ನಿಂತು ನೋಡಬೇಕಿತ್ತು. ತಮ್ಮನೇನೋ ಕಣ್ಣಿಗೆ ಕಾಣುತ್ತಾನೆ, ಕೂಗಿದರೆ ಕೇಳಿಸುವುದಿಲ್ಲ.

ಹಡಗುಗಳು ಸಾಲುಸಾಲಾಗಿ ಒಟ್ಟಿಗೆ ಸಾಗುತ್ತಿದ್ದವು. ಎಲ್ಲಕ್ಕೂ ಒಂದೇ ಬೂದು ಬಣ್ಣ. ಹೆಸರುಗಳ ಮೇಲೂ ಬಳಿದುಬಿಟ್ಟಿದ್ದರು. ಹಗಲಲ್ಲಿ ಒಂದು ಸಿಪ್ಪೆಯನ್ನೂ ನೀರಿಗೆ ಎಸೆಯುವಂತಿರಲಿಲ್ಲ. ತೇಲುವ ಕಸದ ಜಾಡು ಹಿಡಿದು ಶತ್ರುವಿನ ಜಲಾಂತರ್ಗಾಮಿ ಬಂದೀತೆಂಬ ಭಯ. ಮುಸ್ಸಂಜೆಯಲ್ಲಿ ಸುರಿದರೆ ಬೆಳಗಾಗುವಷ್ಟರಲ್ಲಿ ನಾವು ದೂರ ಹೋಗಿರುತ್ತೇವೆ. ಹಾಗಾಗಿ ಎಲ್ಲ ಹಡಗುಗಳ ಅಡಿಗೆಯವರೂ ಅದೇ ಹೊತ್ತಿಗೆ ಅಂಚಿನ ಕಂಬಿಗೆ ಬಂದು ಬಕೆಟ್ ಸುರಿಯುತ್ತಿದ್ದೆವು. ಆ ಹೊತ್ತಿಗಾಗಿ ನಾನು ಬೆಳಗಿನಿಂದಲೇ ಕಾಯುತ್ತಿದ್ದೆ.

ಬಲಗಡೆಯ ಹಡಗಿನಲ್ಲಿ ಉಪ್ಪಣ್ಣ ಬರುತ್ತಿದ್ದ. ಸುರಿದಾದ ಮೇಲೆ ಖಾಲಿ ಬಕೆಟ್ಟನ್ನು ಟೋಪಿಯಂತೆ ತಲೆಗೆ ಕವುಚಿಕೊಂಡು ಬಹಳ ಹೊತ್ತು ನೆಟ್ಟಗೆ ನಿಲ್ಲುತ್ತಿದ್ದ. ಮಂಗ! ಮೀಸೆ ಬಂದರೂ ಬುದ್ಧಿ ಬರಲಿಲ್ಲ ಎಂದು ಬೈಯುತ್ತಲೇ ನಾನು ನನ್ನ ಬಕೆಟ್ ಎತ್ತಿ ಆಡಿಸುತ್ತಿದ್ದೆ. ನಮ್ಮ ಮಾತುಕತೆ ಅಷ್ಟೇ. ಅಷ್ಟಾದರೆ ನನಗೆ ಊಟ ಸೇರುತ್ತಿತ್ತು.

"ನಿನ್ನ ತಮ್ಮ ನಿನಗಿಂತ ಲಕ್ಷಣವಾಗಿದಾನಪ್ಪ. ಮುಖ ಕಾಣಲ್ಲ ನೋಡು!" ಎಂದು ಇಂಜಿನ್ನಿಗೆ ಕಲ್ಲಿದ್ದಲು ಹಾಕುವ ಕರಿಯಜ್ಜ ನಗುತ್ತಿದ್ದ.

ಒಂದು ದಿನ ಮಂಜು ಕವಿಯಿತು. ಮಧ್ಯಾಹ್ನ ಹತ್ತಿರದಲ್ಲೆಲ್ಲೋ ಏನೋ ಸಿಡಿಯಿತು. ಒಲೆಯ ಮೇಲಿನ ಪಾತ್ರೆಗಳು ಅದುರಿದವು. ಯಾವ ಹಡಗೆಂದು ರೇಡಿಯೋದಲ್ಲಿ ಕೇಳುವಂತಿಲ್ಲ, ನಿಲ್ಲುವಂತೆಯೂ ಇಲ್ಲ. ಅಂದು ನಾನು ಒಂದೇ ಪಾತ್ರೆಗೆ ಎರಡು ಸಲ ಉಪ್ಪು ಹಾಕಿದೆ. ಯಾರೂ ಬೈಯಲಿಲ್ಲ.

ಮರುದಿನ ಮುಸ್ಸಂಜೆಗೆ ಮಂಜು ಕರಗಿತು. ಬಲಗಡೆ ಬೂದು ಹಡಗು ಅಲ್ಲೇ ಇತ್ತು! ಅಡಿಗೆಯವನು ಬಂದ, ಸುರಿದ. ನಾನು ಹುಚ್ಚನಂತೆ ಬಕೆಟ್ ಆಡಿಸಿದೆ. ಅವನು ಸ್ವಲ್ಪ ಹೊತ್ತು ನೋಡಿ ತನ್ನದನ್ನೂ ಎತ್ತಿದ. ತಲೆಗೆ ಹಾಕಿಕೊಳ್ಳಲಿಲ್ಲ. ಹೆದರಿದ್ದಾನೆ ಪಾಪ, ಈಗಲಾದರೂ ಬುದ್ಧಿ ಬಂತು ಎಂದುಕೊಂಡೆ. ಅಂದಿನಿಂದ ದಿನವೂ ಹಾಗೆಯೇ. ಒಂದೇ ಒಂದು ಸಲ ಟೋಪಿ ಹಾಕೋ, ಮಂಗ, ಎಂದು ಒಳಗೊಳಗೇ ಗೋಗರೆಯುತ್ತಿದ್ದೆ. ಬೇರೆ ಏನನ್ನೂ ಯೋಚಿಸಲು ಮನಸ್ಸು ಒಪ್ಪಲಿಲ್ಲ.

ಬಂದರು ಸೇರಿ ಏಣಿ ಇಳಿಸುತ್ತಲೇ ಆ ಹಡಗಿನ ಬಳಿಗೆ ಓಡಿದೆ. ಬಕೆಟ್ ಹಿಡಿದು ಇಳಿದು ಬಂದವನು ನನಗಿಂತ ಹಿರಿಯ, ಬೋಳುತಲೆಯವನು.

"ನನ್ನ ತಮ್ಮ ಎಲ್ಲಿ?"

ಅವನಿಗೆ ತಕ್ಷಣ ಅರ್ಥವಾಯಿತು. "ಮಂಜಿನ ದಿನ ನಿಮ್ಮ ಬಲಗಡೆ ಜಾಗ ಖಾಲಿ ಆಯ್ತಪ್ಪ. ಹಿಂದೆ ಇದ್ದ ನಮಗೆ ಮುಂದೆ ಬಂದು ತುಂಬಿ ಅಂದ್ರು. ಮುಳುಗಿದ ಹಡಗಿಂದ ಯಾರೂ ಸಿಗಲಿಲ್ಲ."

"ಮತ್ತೆ ನೀನ್ಯಾಕೆ ಬಕೆಟ್ ಎತ್ತಿದೆ?" ನಾನು ಅವನ ಕೊರಳಪಟ್ಟಿ ಹಿಡಿದಿದ್ದೆ.

"ಎತ್ತದೆ ಇನ್ನೇನ್ ಮಾಡ್ಲಿ? ಅಷ್ಟೊಂದು ಆಸೆಯಿಂದ ಕರೀತಿದ್ದೆ."

ನನ್ನ ಕೈ ತಾನಾಗಿ ಸಡಿಲವಾಯಿತು. ಅಮ್ಮ ಕೇಳಿದ್ದು ಒಬ್ಬನನ್ನು, ಒಬ್ಬ ಉಳಿದಿದ್ದೆ.

ಮರಳುವಾಗ ಬಲಗಡೆಗೆ ಬೇರೊಂದು ಬೂದು ಹಡಗು ಬಂತು. ಮೊದಲ ಮುಸ್ಸಂಜೆಯೇ ಅದರ ಕಂಬಿಯ ಬಳಿ ಯಾರೋ ಒಬ್ಬ ನಮ್ಮ ಕಡೆ ನೋಡುತ್ತ ಬಕೆಟ್ ಎತ್ತಿ ಆಡಿಸಿದ. ಯಾರನ್ನು ಹುಡುಕುತ್ತಿದ್ದನೋ ಏನೋ. ನಾನು ಸುರಿದು ಮುಗಿಸಿ, ಖಾಲಿ ಬಕೆಟ್ಟನ್ನು ತಲೆಗೆ ಕವುಚಿಕೊಂಡೆ. ಒಳಗೆ ಕತ್ತಲೆ, ಸಿಪ್ಪೆಯ ವಾಸನೆ. ಅಲ್ಲಿ ಎಷ್ಟು ಅತ್ತರೂ ನೋಡುವವರಿಗೆ ತಮಾಷೆಯಾಗಿಯೇ ಕಾಣುತ್ತದೆ. ಉಪ್ಪಣ್ಣ ಅಷ್ಟು ಹೊತ್ತು ಯಾಕೆ ಹಾಗೆ ನಿಲ್ಲುತ್ತಿದ್ದ ಎಂದು ಆಗ ತಿಳಿಯಿತು.