ಅರೆಜೀವದ ಎಳೆಗಳು

“ಈಗ ಬರಿಸ್ತೀವಿ, ಮೇಷ್ಟ್ರೇ. ಎದೆ ಡವಡವ ಅನ್ನುತ್ತೆ. ಹೆದರಬೇಡಿ.”

ಹೃದಯದ ಯಾವ ಹುಚ್ಚು ಓಟ ಬರಬಾರದೆಂದು ಎರಡು ವರ್ಷ ಮಾತ್ರೆ ನುಂಗಿದ್ದನೋ ಅದನ್ನೇ ಡಾಕ್ಟರು ಕರೆಸುತ್ತಿದ್ದರು. ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವವನಿಗೆ ಇದರಲ್ಲೇನೋ ತಮಾಷೆ ಕಂಡಿತು. ನಗಲು ಹೋಗಿ ಸುಮ್ಮನಾದ. ತೊಡೆಸಂದಿಯಿಂದ ಹೃದಯದವರೆಗೆ ತೂರಿಸಿದ ಸಪೂರ ಕೊಳವೆ ಅಲ್ಲಾಡೀತೆಂಬ ಭಯ.

ಆರು ವರ್ಷದ ಹಿಂದಿನ ಹೃದಯಾಘಾತ ಒಳಗೆ ಗಾಯದ ಕಲೆ ಬಿಟ್ಟುಹೋಗಿತ್ತು. ಆ ಕಲೆಯ ಸುತ್ತ ಬಡಿತ ದಾರಿ ತಪ್ಪಿ ಓಡತೊಡಗಿದಾಗಲೆಲ್ಲ, ಎದೆಯ ಚರ್ಮದಡಿ ಹೂತಿಟ್ಟ ಯಂತ್ರ ಶಾಕ್ ಕೊಟ್ಟು ಬದುಕಿಸುತ್ತಿತ್ತು. ಈ ವರ್ಷ ನಾಲ್ಕು ಸಲ. ಮೂರನೆಯದು ಬಡಿದಾಗ ಹೆಂಡತಿಯ ಕೈ ಅವನೆದೆಯ ಮೇಲಿತ್ತು. ಅವಳಿಗೂ ಜುಮ್ಮೆಂದಿತು. ಮಾರನೆಯ ದಿನ ಅವಳ ದಿಂಬು ಪಕ್ಕದ ಕೋಣೆಗೆ ಹೋಯಿತು. ತೆಗೆದುಕೊಂಡು ಹೋದವನು ಅವನೇ. ಅವಳು ಬೇಡವೆನ್ನಲಿಲ್ಲ.

ಬಂತು. ಎದೆಯೊಳಗೆ ಯಾರೋ ಬಾಗಿಲು ಕಿತ್ತುಕೊಂಡು ಓಡಿದ ಹಾಗೆ. ಬಾಯಿ ಒಣಗಿತು. ಚಾವಣಿಯ ದೀಪ ದೂರ ಸರಿಯಿತು. ಶಾಕ್ ಮಾತ್ರ ಬೀಳಲಿಲ್ಲ, ಯಂತ್ರವನ್ನು ಮೊದಲೇ ಆಫ್ ಮಾಡಿದ್ದರು.

“ಬಿಪಿ?”

“ತೊಂಬತ್ತು. ತಡ್ಕೊಂಡಿದ್ದಾರೆ,” ಎಂದಳು ನರ್ಸ್.

“ಹಾಗಿದ್ರೆ ಹುಡುಕೋಣ.”

ಪಕ್ಕದ ಪರದೆಯ ಮೇಲೆ ಅವನ ಹೃದಯ ತಿರುಗುತ್ತಿತ್ತು. ಕೊಳವೆಯ ತುದಿ ಒಳಗೋಡೆಯನ್ನು ಮುಟ್ಟಿ ಮುಟ್ಟಿ ಬರೆದ ನಕ್ಷೆ. ಜೀವವಿದ್ದಲ್ಲಿ ನೇರಳೆ, ಸತ್ತಲ್ಲಿ ಬೂದು. ಬೂದು ಬಹಳವಿತ್ತು. ಐವತ್ತೊಂದು ವರ್ಷ ಎದೆ ಮುಟ್ಟಿಕೊಂಡು ‘ನಾನು’ ಎಂದದ್ದು ಇದನ್ನೇ? ಇಷ್ಟು ಹಾಳಾಗಿಯೂ ಅದು ಒಂದು ಗಳಿಗೆ ರಜೆ ಕೇಳದೆ ದುಡಿದಿತ್ತು. ಅವನು ಕೇಳಿರಲೂ ಇಲ್ಲ, ಹೇಗಿದ್ದೀಯೆಂದು. ಕೈ ಮುಗಿಯಬೇಕೆನ್ನಿಸಿತು, ಕೈಗಳನ್ನು ಕಟ್ಟಿದ್ದರು.

“ಆ ಸತ್ತ ಜಾಗಾನೇ ಅಲ್ವಾ ಡಾಕ್ಟ್ರೇ, ತೊಂದರೆ ಕೊಡ್ತಿರೋದು?” ನಾಲಿಗೆ ತೊದಲಿತು.

“ಸತ್ತದ್ದು ಯಾರ ತಂಟೆಗೂ ಬರಲ್ಲ, ಮೇಷ್ಟ್ರೇ. ಅದರ ಮಧ್ಯೆ ಅರೆಜೀವ ಹಿಡ್ಕೊಂಡಿರೋ ಎಳೆಗಳಿವೆಯಲ್ಲ, ಅವುಗಳದೇ ಕಿತಾಪತಿ. ಕರೆಂಟು ಅಲ್ಲಿ ನುಗ್ಗಿ ಸುತ್ತು ಹೊಡೆಯುತ್ತೆ.”

“ಅವಕ್ಕೇನು ಮಾಡ್ತೀರಿ?”

“ಸುಡ್ತೀವಿ.”

ಎದೆಯ ಆಳದಲ್ಲಿ ಕಾವು. ಅವನು ಎಣಿಸಿದ. ಒಂಬತ್ತಕ್ಕೆ ಓಟ ನಿಂತಿತು. ಎಷ್ಟು ಮೆತ್ತಗೆ ನಿಂತಿತೆಂದರೆ, ಸತ್ತೆ ಎಂದುಕೊಂಡ. ಆಮೇಲೆ ಒಂದು ಬಡಿತ. ಬಿಡುವು. ಇನ್ನೊಂದು.

“ನೋಡಿದ್ರಾ,” ಎಂದರು ಡಾಕ್ಟರು, ತಾವೂ ಮೊದಲ ಸಲ ನೋಡಿದವರಂತೆ.

ಇನ್ನಷ್ಟು ಸುಟ್ಟರು. ಮತ್ತೆ ಮೂರು ಸಲ ಕೆಣಕಿದರೂ ಅದು ಬರಲಿಲ್ಲ.

ಮಧ್ಯಾಹ್ನ ವಾರ್ಡಿನಲ್ಲಿ ಕಾಲು ಮಡಚದೆ ಮಲಗಿದ್ದಾಗ ಹೆಂಡತಿ ಬಂದು ಕುರ್ಚಿ ಎಳೆದುಕೊಂಡಳು.

“ಹೇಗಿತ್ತು?”

“ನೀನು ನೋಡಬೇಕಿತ್ತು. ಒಳಗೆಲ್ಲ ನೇರಳೆ ಬಣ್ಣ…”

“ನೀರು ಬೇಕಾ?”

“ಬೇಡ.”

“ಇನ್ನು ಬರಲ್ವಂತಾ?”

“ಸದ್ಯಕ್ಕಿಲ್ಲ. ಮುಂದಿನದು ಗ್ಯಾರಂಟಿ ಇಲ್ಲ ಅಂದ್ರು.”

“ಹೂಂ.”

ದಿಂಬು ವಾಪಸು ತರಲೇ ಎಂದು ಕೇಳಲು ಬಾಯಿ ತೆರೆದ. ಅವಳು ಹೊದಿಕೆಯ ಅಂಚು ಸರಿಮಾಡುತ್ತಿದ್ದಳು, ಬೆರಳು ಅವನಿಗೆ ತಾಗದಂತೆ.

ಮಂಚದ ಪಕ್ಕದ ಮಾನಿಟರಿನಲ್ಲಿ ಹಸಿರು ಗೆರೆ ಏಳುತ್ತ ಬೀಳುತ್ತ ಸಾಗಿತ್ತು.

“ಎಷ್ಟು ಚೆನ್ನಾಗಿ ಹೋಗ್ತಿದೆ ನೋಡಿ,” ಎಂದಳು ಅವಳು, ಗೆರೆಯ ಕಡೆಗೇ ತಿರುಗಿ.

ಅವನು ಕತ್ತು ಹೊರಳಿಸಿದ. ಬೇರೆಯವರ ಮಗು ಅವರ ಅಂಗಳದಲ್ಲಿ ಆಡುವುದನ್ನು ಕಿಟಕಿಯಿಂದ ನೋಡುವವರಂತೆ, ಇಬ್ಬರೂ ಕಣ್ಣು ಕೀಳದೆ ಅದನ್ನೇ ನೋಡುತ್ತ ಉಳಿದರು.