ಅತ್ರೆ ಅಮ್ಮ ಬರಲ್ವಂತೆ

ನಮ್ಮ ಬೀದಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: "ಮಗು ಅಂದ್ರೆ ಟೈಲರ್ ಮಗಳ ಥರ ಇರ್ಬೇಕು ನೋಡಿ!" ಒಂದನೇ ಕ್ಲಾಸಿನ ಹುಡುಗಿ. ತಿಂದ ತಟ್ಟೆ ತಾನೇ ತೊಳೆಯುತ್ತಾಳೆ. ಹಟ ಇಲ್ಲ, ಜಗಳ ಇಲ್ಲ, ಅಳು ಮೊದಲೇ ಇಲ್ಲ. ಹೊಗಳುವವರಿಗೇನು, ಎಲುಬಿಲ್ಲದ ನಾಲಿಗೆ.

ನಾನು ಆ ಟೈಲರ್ ಅಣ್ಣನ ಅಂಗಡಿಯಲ್ಲಿ ಗುಂಡಿ ಹೊಲಿಯುವವಳು. ಒಳಗಿನ ವಿಷಯ ನನಗೆ ಗೊತ್ತು. ಅತ್ತಿಗೆ, ಆ ಮಗುವಿನ ಅಮ್ಮ, ಜ್ವರವೆಂದು ಆಸ್ಪತ್ರೆ ಸೇರಿದವರು ಜೀವಂತ ಮನೆಗೆ ಬರಲಿಲ್ಲ. ಮಗುವನ್ನು ಆಗ ನೆಂಟರ ಮನೆಗೆ ಸಾಗಿಸಿಬಿಟ್ಟರು. ವಾಪಸ್ ಬಂದ ಮಗು "ಅಮ್ಮ ಎಲ್ಲಿ?" ಎಂದಾಗ ಅಜ್ಜಿ ಹೇಳಿದರು, "ಆಸ್ಪತ್ರೆಯಲ್ಲಿದ್ದಾಳೆ ಪುಟ್ಟಿ. ನೀನು ಅಳದೆ ಜಾಣೆಯಾಗಿದ್ರೆ ಬೇಗ ಬರ್ತಾಳೆ." ಮಗುವಿನ ಎದುರು ಯಾರೂ ಬಾಯಿ ಬಿಡಬೇಡಿ ಎಂದು ಅಣ್ಣ ಬೀದಿಗೆಲ್ಲ ಕೈಮುಗಿದು ಕೇಳಿಕೊಂಡಿದ್ದರು. ಪ್ರೀತಿಯಿಂದಲೇ ಮಾಡಿದ್ದು, ಅಲ್ಲ ಅನ್ನುವುದಿಲ್ಲ. ಆದರೂ ಆ ಮಗು ಅಂಗಡಿಗೆ ಬಂದಾಗಲೆಲ್ಲ ನಾನು ತಲೆ ಬಗ್ಗಿಸಿ ಗುಂಡಿ ಹೊಲಿಯುತ್ತಿದ್ದೆ.

ಒಂದು ಮಧ್ಯಾಹ್ನ ಕಥೆ ಮೇಷ್ಟ್ರು ಅಂಗಡಿಗೆ ಬಂದರು. ಶಾಲೆಯ ಮಕ್ಕಳಿಗಾಗಿ ಕಥೆ ಬರೆದು ಓದಿ ಹೇಳುತ್ತಾರೆ, ಅದಕ್ಕೇ ಆ ಹೆಸರು. ಮಕ್ಕಳ ಪರವಾಗಿ ಯಾರ ಹತ್ತಿರವಾದರೂ ಜಗಳಕ್ಕೆ ನಿಲ್ಲುವವರು. ಆಟದ ಪೀರಿಯಡ್ ಮುಗಿಯುವ ಬೆಲ್ ಬೇಗ ಹೊಡೆಸಿದರೆಂದು ಹೆಡ್‌ಮಾಸ್ಟರ ಮೇಲೇ ಹರಿಹಾಯ್ದ ಆಸಾಮಿ. ಅವತ್ತು ಮಾತ್ರ ದನಿ ಸಣ್ಣಗಿತ್ತು.

"ನಿಮ್ಮ ಮಗಳ ಬೆರಳು ಬಾಗಿಲ ಸಂದಿಗೆ ಸಿಕ್ಕಿಬಿಡ್ತು. ಔಷಧಿ ಹಚ್ಚಿದೀವಿ, ಉಗುರು ಕಪ್ಪಾಗಿದೆ. ಕಣ್ಣಲ್ಲಿ ಒಂದು ಹನಿ ಇಲ್ಲ. ನೋವಾಗಲ್ವಾ ಪುಟ್ಟಿ ಅಂದೆ. ಏನಂದ್ಲು ಗೊತ್ತಾ? 'ಆಗುತ್ತೆ ಸರ್. ಅತ್ರೆ ಅಮ್ಮ ಬರಲ್ವಂತೆ.'"

ಅಣ್ಣನ ಮಿಷನ್ ನಿಂತುಹೋಯಿತು.

ಅಂಗಡಿಯ ಹಿಂದೆಯೇ ಮನೆ; ಒಳಗಿದ್ದ ಅಜ್ಜಿ ಹೊರಗೆ ಬಂದರು. "ಮತ್ತೇನು ಹೇಳೋದಿತ್ತು ಮೇಷ್ಟ್ರೇ? ಎಳೇ ಜೀವ. ಸತ್ತಳು ಅಂತ ಹೇಳಿ ಅದರ ಎದೆ ಒಡೀಬೇಕಿತ್ತಾ?"

"ಎದೆ ಒಡೆದಾಗಿದೆ ಅಜ್ಜಿ. ತಾನು ಸಾಕಷ್ಟು ಜಾಣೆಯಲ್ಲ, ಅದಕ್ಕೇ ಅಮ್ಮ ಬರ್ತಿಲ್ಲ ಅಂದ್ಕೊಂಡಿದ್ದಾಳೆ. 'ಇನ್ನೂ ಎಷ್ಟು ಜಾಣೆ ಆಗ್ಬೇಕು ಸರ್?' ಅಂತ ನನ್ನನ್ನೇ ಕೇಳಿದ್ಲು. ಏನು ಹೇಳ್ಲಿ?"

 ಆದರೂ ಅಜ್ಜಿ ಬಿಡಲಿಲ್ಲ.

"ಹಾಗಾದ್ರೆ ನೀವೇ ಒಂದು ಕಥೆ ಕಟ್ಟಿ ಹೇಳಿಬಿಡಿ. ಅಮ್ಮ ನಕ್ಷತ್ರ ಆದ್ಲು ಅಂತ. ನಿಮ್ಮ ಮಾತು ಮಕ್ಕಳು ನಂಬ್ತಾರೆ."

"ನಂಬ್ತಾರಲ್ಲ, ಅದೇ ಭಯ. ನಕ್ಷತ್ರ ಅಂದ್ರೆ ಯಾವಾಗ ಇಳಿದು ಬರ್ತಾಳೆ ಅಂತ ಕಾಯ್ತಾಳೆ. ಮಲಗಿದ್ದಾಳೆ ಅಂದ್ರೆ ಮಲಗೋಕೇ ಹೆದರ್ತಾಳೆ. ಸತ್ತುಹೋದ್ಲು ಅಂತಾನೇ ಹೇಳ್ಬೇಕು ಅಜ್ಜಿ. ಕಾಯಿಲೆ ಜೋರಾಯ್ತು, ಉಸಿರು ನಿಂತುಹೋಯ್ತು, ಇನ್ನು ಬರಲ್ಲ. ನಿನ್ನ ತಪ್ಪು ಏನೂ ಇಲ್ಲ. ನಾವಿದ್ದೀವಿ. ಇಷ್ಟು ಹೇಳಿ, ಹತ್ತಿರ ಕೂರಿಸ್ಕೊಳ್ಳಿ. ಮತ್ತೆ ಮತ್ತೆ ಕೇಳ್ತಾಳೆ, ಬೇಜಾರಿಲ್ಲದೆ ಮತ್ತೆ ಮತ್ತೆ ಹೇಳಿ."

"ನನ್ನ ಕೈಲಾಗಲ್ಲ ಮೇಷ್ಟ್ರೇ," ಎಂದರು ಅಣ್ಣ. "ಹೇಳೋಕೆ ಹೋದ್ರೆ ನಾನೇ ಅತ್ತುಬಿಡ್ತೀನಿ."

"ಅಳಿ. ಅಪ್ಪ ಅತ್ರೆ ತಾನೇ, ತಾನೂ ಅಳಬಹುದು ಅಂತ ಅವಳಿಗೆ ಗೊತ್ತಾಗೋದು? ನಾನು ಪಕ್ಕದಲ್ಲೇ ಇರ್ತೀನಿ. ಆದ್ರೆ ಮಾತು ನಿಮ್ಮ ಬಾಯಿಂದಲೇ ಬರ್ಬೇಕು."

ಶಾಲೆ ಬಿಟ್ಟು ಮಗು ಬಂತು. ಅಣ್ಣ ತೊಡೆಯ ಮೇಲೆ ಕೂರಿಸಿಕೊಂಡು, ತೊದಲುತ್ತಾ, ನಡುನಡುವೆ ನಿಲ್ಲಿಸುತ್ತಾ, ಎಲ್ಲವನ್ನೂ ಹೇಳಿದರು. ಮಗು ಅಪ್ಪನ ಮುಖವನ್ನೇ ನೋಡುತ್ತಿತ್ತು.

"ಹಾಗಾದ್ರೆ ನಾನು ಜಾಣೆ ಆಗಿರ್ಲಿಲ್ವಾ ಅಪ್ಪಾ?"

 ಅಜ್ಜಿಯೇ ಮುಂದೆ ಬಂದು ಮಗುವಿನ ಎದುರು ನೆಲದ ಮೇಲೆ ಕೂತರು. "ನೀನು ಜಾಣೆನೇ ಕಂದಾ. ಸುಳ್ಳು ಹೇಳಿದ್ದು ಈ ಅಜ್ಜಿ. ನೀನು ಹೇಗಿದ್ರೂ ಅಮ್ಮ ಉಳೀತಿರ್ಲಿಲ್ಲಮ್ಮಾ."

ಆಗ ಅತ್ತಿತು ನೋಡಿ ಮಗು! ಅಬ್ಬಾ, ಎಷ್ಟು ದಿನದ್ದೋ ಆ ಅಳು. ಅಪ್ಪ ಅತ್ತರು, ಅಜ್ಜಿ ಅತ್ತರು, ಮೇಷ್ಟ್ರು ಗೋಡೆ ಕಡೆ ತಿರುಗಿ ನಿಂತರು. ಯಾರೂ "ಸುಮ್ನಿರು" ಅನ್ನಲಿಲ್ಲ. ಬಹಳ ಹೊತ್ತಾದ ಮೇಲೆ ಮಗು ಬಿಕ್ಕುತ್ತಾ ಕೇಳಿತು, "ಇನ್ನು ನಂಗೆ ಜಡೆ ಯಾರು ಹಾಕ್ತಾರೆ?"

"ನಾನು ಹಾಕ್ತೀನಿ ಮಗಳೇ," ಎಂದರು ಅಣ್ಣ. "ಮೊದಮೊದಲು ಸೊಟ್ಟಗೆ ಬರುತ್ತೆ. ಕಲ್ತ್ಕೋತೀನಿ."

ಅಕ್ಕಂದಿರೇ, ಅಣ್ಣಂದಿರೇ, ಸಾವು ಬಂದ ಮನೆಯಲ್ಲಿ ಮಗುವೂ ಇರುತ್ತದೆ. ಊರಿಗೆ ಹೋಗಿದ್ದಾರೆ, ಮಲಗಿದ್ದಾರೆ ಎಂದು ಅದನ್ನು ಕಾಯಲು ಕೂರಿಸಬೇಡಿ. ಸಣ್ಣ ಮಾತಿನಲ್ಲಿ ನಿಜ ಹೇಳಿ. ನಿನ್ನ ತಪ್ಪಲ್ಲ ಎಂದು ಬಾಯಿ ಬಿಟ್ಟು ಹೇಳಿ. ಜೊತೆಗೆ ಕೂತು ಅಳಿ. ನಿಮ್ಮಿಂದ ಆಗದಿದ್ದರೆ ಶಾಲೆಯ ಮೇಷ್ಟ್ರನ್ನೋ ಆಸ್ಪತ್ರೆಯ ನರ್ಸಮ್ಮನನ್ನೋ ಜೊತೆಗೆ ಕರೆದುಕೊಳ್ಳಿ. ಆದರೆ ನಾಳೆ ನೋಡೋಣ ಎನ್ನಬೇಡಿ, ಇವತ್ತೇ ಹೇಳಿ. ಬಾರದವರಿಗಾಗಿ ಬಾಗಿಲು ನೋಡುತ್ತಾ ಕೂತ ಮಗುವಿಗೆ ಒಂದು ದಿನವೂ ಬಹಳ ಉದ್ದ.