ಹದಿನಾಲ್ಕನೇ ನಂಬರಿನ ಪೆಟ್ಟಿಗೆ

ಫೈಲು ಕಣ್ಣೆದುರಿಗೇ ಇತ್ತು. ಹೆಸರು ಸರಿ, ಜಾಗ ಸರಿ. ಆದರೂ ಓಡಿಸಲು ಹೋದರೆ ‘ಅಂಥ ಫೈಲೇ ಇಲ್ಲ’ ಎಂಬ ಉತ್ತರ. ಬೇರೆ ಯಾರಾದರೂ ಆಗಿದ್ದರೆ ಲ್ಯಾಪ್‌ಟಾಪ್ ಮುಚ್ಚಿ ಟೀ ಕುಡಿಯಲು ಎದ್ದು ಹೋಗುತ್ತಿದ್ದರು. ಯಾಕಮ್ಮ ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

ಯಾಕಮ್ಮ ಎಂಬುದು ಅವಳ ನಿಜವಾದ ಹೆಸರಲ್ಲ. ಮಾತು ಕಲಿತಾಗಿನಿಂದ ‘ಯಾಕೆ’ ಬಿಟ್ಟು ಬೇರೇನೂ ಕೇಳದ ಮಗುವಿಗೆ ಸೋದರಮಾವ ಇಟ್ಟ ಹೆಸರು ಅದು. ಇಪ್ಪತ್ತಾರು ತುಂಬಿದರೂ ಬೆನ್ನು ಬಿಟ್ಟಿರಲಿಲ್ಲ. ಅದೇ ಮಾವ ಮೂವತ್ತು ವರ್ಷದಿಂದ ದುಡಿಯುತ್ತಿದ್ದ ದೊಡ್ಡ ಲಾಂಡ್ರಿಗೆ ಅವಳು ಸೇರಿ ಹದಿನೆಂಟು ದಿನವಾಗಿತ್ತು. ಆಸ್ಪತ್ರೆ, ಹೋಟೆಲುಗಳ ಬೆಡ್‌ಶೀಟುಗಳು ರಾಶಿ ರಾಶಿಯಾಗಿ ಬಂದು, ಮಡಿಯಾಗಿ ಹೊರಡುವ ಜಾಗ. ಮಾವ ಕೆಳಗೆ ಇಸ್ತ್ರಿ ಮೆಷಿನ್ನಿನ ಮುಂದೆ, ಅವಳು ಮೇಲಿನ ಮಹಡಿಯ ರಿಪೇರಿ ಕೋಣೆಯಲ್ಲಿ. ಇರುವುದೂ ಮಾವನ ಮನೆಯಲ್ಲೇ. ಒಂದು ತಿಂಗಳು ನೋಡಿ ಆಮೇಲೆ ಕಾಯಂ ಮಾಡುತ್ತೇನೆ ಎಂದು ಇಡೀ ಲಾಂಡ್ರಿ ನೋಡಿಕೊಳ್ಳುವ ಮೇಡಂ ಮೊದಲೇ ಹೇಳಿದ್ದರು.

ಕೆಳಗಿನ ಒಂದೊಂದು ಮೆಷಿನ್ನಿಗೂ ಊಟದ ಡಬ್ಬಿಯಷ್ಟು ಗಾತ್ರದ ಒಂದೊಂದು ಪೆಟ್ಟಿಗೆ. ಅಂಗೈಯಗಲದ ಪರದೆ, ಒಳಗೆ ಲಿನಕ್ಸ್ ಓಡುವ ಪುಟ್ಟ ಕಂಪ್ಯೂಟರು. ಏನಾದರೂ ಕೆಟ್ಟರೆ ಪರದೆಯ ಮೇಲೆ ‘ಇ-7’ ಎಂದು ಮೂಡುತ್ತಿತ್ತು. ಹಾಗೆಂದರೇನು ಎಂದು ತಿಳಿಯಲು ಗೋಡೆಯ ಮೇಲಿನ ಮಾಸಿದ ಪಟ್ಟಿಯನ್ನು ಕಣ್ಣು ಕಿರಿದು ಮಾಡಿ ಹುಡುಕಬೇಕಿತ್ತು. ಅದರ ಬದಲು ‘ಬಿಸಿ ಸಾಲದು’ ಎಂದು ನೆಟ್ಟಗೆ ನಮ್ಮ ಮಾತಿನಲ್ಲೇ ಬರುವಂತೆ ಮಾಡುವುದು ಅವಳ ಕೆಲಸ. ಅದಕ್ಕೆ ಮೊದಲು, ಲ್ಯಾಪ್‌ಟಾಪಿನಲ್ಲಿ ಬರೆದದ್ದು ಒಂದು ಗುಂಡಿ ಒತ್ತಿದರೆ ಪೆಟ್ಟಿಗೆಗೆ ಹೋಗಿ ಓಡುವಂತೆ ಎಲ್ಲವನ್ನೂ ಹೊಂದಿಸಬೇಕು. ಪ್ರಯೋಗಕ್ಕೆಂದು ಮೇಜಿನ ಮೇಲೆ ಅಂಥದೇ ಒಂದು ಪೆಟ್ಟಿಗೆ ಇತ್ತು. ನೆಟ್‌ವರ್ಕಿನಲ್ಲಿ ಅದರ ಮನೆ ನಂಬರು ಹದಿನಾಲ್ಕು ಎಂದು ಯಾರೋ ಹಳದಿ ಚೀಟಿ ಅಂಟಿಸಿದ್ದರು.

ಲ್ಯಾಪ್‌ಟಾಪಿನ ಚಿಪ್ ಒಂದು ಜಾತಿ, ಪೆಟ್ಟಿಗೆಯ ಚಿಪ್ ಇನ್ನೊಂದು ಜಾತಿ. ಹಾಗಾಗಿ ಇಲ್ಲಿ ಕೂತು ಅಲ್ಲಿಗೆ ಒಗ್ಗುವ ಪ್ರೋಗ್ರಾಮ್ ತಯಾರಿಸುವ ಕಂಪೈಲರನ್ನು ಹಾಕಿಕೊಂಡಿದ್ದಳು. ಇಷ್ಟೆಲ್ಲ ಮಾಡಿದ ಮೇಲೂ ‘ಫೈಲೇ ಇಲ್ಲ’ ಎಂದರೆ ಯಾರಿಗಾದರೂ ಮೈ ಉರಿಯುವುದೇ. ಮಧ್ಯಾಹ್ನದ ಹೊತ್ತಿಗೆ ಗುಟ್ಟು ಬಯಲಾಯಿತು. ಇಲ್ಲವಾಗಿದ್ದದ್ದು ಅವಳ ಫೈಲಲ್ಲ, ಅದನ್ನು ಎತ್ತಿ ಓಡಿಸಬೇಕಾದ ಇನ್ನೊಂದು ಫೈಲು. ಪೆಟ್ಟಿಗೆ ಅದನ್ನು ಕಾಣದೆ ಇವಳ ಫೈಲಿನ ಹೆಸರು ಹಿಡಿದು ದೂರುತ್ತಿತ್ತು. ಯಾಕಮ್ಮನಿಗೆ ಎಷ್ಟು ಖುಷಿಯಾಯಿತೆಂದರೆ, ಖಾಲಿ ಕೋಣೆಯಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದಳು.

ಪೆಟ್ಟಿಗೆಯಲ್ಲಿ ಮೊದಲೇ ಇರುವ ಲೈಬ್ರರಿ ಎಂಬ ಸಹಾಯಕ ಫೈಲುಗಳಿಗೆ ಹೊಂದುವ ಹಾಗೆ ಪ್ರೋಗ್ರಾಮನ್ನು ಹೊಸದಾಗಿ ಕಟ್ಟಿ ಗುಂಡಿ ಒತ್ತಿದಳು. ‘ಕಳಿಸಿದೆ. ಶುರುವಾಗಿದೆ. ಹತ್ತು ಸೆಕೆಂಡಿನಲ್ಲಿ ಮುಗಿದಿದೆ.’ ಲ್ಯಾಪ್‌ಟಾಪ್ ಎಲ್ಲ ಸುಸೂತ್ರ ಎಂದಿತು. ಮೇಜಿನ ಮೇಲಿನ ಪರದೆ ಮಾತ್ರ ಕಪ್ಪಗೇ ಇತ್ತು.

ಮೂರು ದಿನ ಹೀಗೇ ಹೋಯಿತು. ಪರದೆಯ ತಂತಿ ಬಿಚ್ಚಿ ಕಟ್ಟಿದಳು, ಬೇರೆ ಪರದೆ ತಂದು ಜೋಡಿಸಿದಳು, ಅಕ್ಷರಗಳ ಫೈಲು ಬದಲಿಸಿದಳು. ಪ್ರತಿ ಸಲ ಪರೀಕ್ಷೆಗೆಂದು ಬಾಯಿಗೆ ಬಂದ ಒಂದು ಸಾಲು ಬರೆದು ಪರದೆಗೆ ಕಳಿಸಿದಳು. ಮೊದಲು ‘ಇದ್ದೀಯಾ?’, ಆಮೇಲೆ ‘ನಾನು ಹೇಳುವುದು ಕೇಳಿಸುತ್ತಾ?’, ಮೂರನೇ ದಿನ ಸಿಟ್ಟು ಬಂದು ‘ಯಾಕೆ ಸುಮ್ಮನಿದ್ದೀಯಾ?’. ಪೆಟ್ಟಿಗೆ ತುಟಿ ಪಿಟಕ್ಕೆನ್ನಲಿಲ್ಲ. ಯಾಕಮ್ಮನಿಗೂ ಹಟ ಬಂತು. ಕೆಟ್ಟಿರುವುದು ಎಲ್ಲಿ ಎಂಬ ಕುತೂಹಲ ಹೊಟ್ಟೆಗೆ ಹೊಕ್ಕ ಮೇಲೆ ಅವಳಿಗೆ ಊಟ ರುಚಿಸುತ್ತಿರಲಿಲ್ಲ.

ಮನೆಯಲ್ಲಿ ಮಾವನಿಗೂ ಊಟ ರುಚಿಸುತ್ತಿರಲಿಲ್ಲ ಎಂಬುದನ್ನು ಆ ಮಹಾರಾಯಿತಿ ಗಮನಿಸಲೇ ಇಲ್ಲ. ಸ್ಕ್ರೂ ಕಾಣುವ ಕಣ್ಣಿಗೆ ಎದುರು ಕೂತ ಮನುಷ್ಯ ಕಾಣಲಿಲ್ಲ.

ನಾಲ್ಕನೆಯ ದಿನ ಸಂಜೆ ತಾರಸಿಯ ಮೇಲೆ ಒಣಗಿದ ಬಟ್ಟೆ ತೆಗೆಯುವಾಗ ಅತ್ತೆ ತಡೆಯಲಾರದೆ ಬಾಯಿಬಿಟ್ಟಳು.

“ನಿಮ್ಮ ಮಾವನ್ನ ನಾಳೆ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ಬೇಕು ಕಣೇ. ನಿಂಗೆ ಹೇಳ್ಬೇಡ ಅಂದಿದ್ರು.”

“ಯಾಕೆ? ಏನಾಯ್ತು ಅತ್ತೆ?”

“ಇಸ್ತ್ರಿ ಮೆಷಿನ್ನು ಮಾತಾಡ್ಸತ್ತಂತೆ. ಬೇರೆಯವ್ರು ಬಂದು ನೋಡೋಷ್ಟ್ರಲ್ಲಿ ಏನೂ ಇರಲ್ವಂತೆ. ಅಲ್ಲಿ ಎಲ್ರೂ ನಗ್ತಿದ್ದಾರೆ. ಮೇಡಂ ಇವತ್ತು ಮೆಷಿನ್ನಿಂದ ತೆಗ್ದು ಮಡಚೋ ಮೇಜಿಗೆ ಹಾಕಿದ್ರಂತೆ. ಬಿಸಿ ಮೆಷಿನ್ನು, ಮನಸ್ಸು ಸರಿಯಿಲ್ದೋರು ನಿಲ್ಲಬಾರ್ದು ಅಂತ.” ಅತ್ತೆ ಮಡಚಿದ ಟವೆಲನ್ನೇ ಬಿಚ್ಚಿ ಮತ್ತೆ ಮಡಚಿದಳು. “ಅವ್ರ ಅಣ್ಣಂಗೂ ಹೀಗೇ ಶುರುವಾಗಿದ್ದು. ಗಡಿಯಾರ ಕರೀತಿದೆ ಅಂತಿದ್ರು. ಕೊನೇಗೆ ಮನೆಯೋರ ಗುರ್ತೂ ಹೋಯ್ತು. ಇವ್ರೇ ಅಲ್ವಾ ಸ್ನಾನ ಮಾಡ್ಸಿ, ತುತ್ತಿಟ್ಟು ನೋಡ್ಕೊಂಡಿದ್ದು? ಈಗ ನಂಗೂ ಬಂತು ಅಂತ ಹೆದ್ರಿ ಹೋಗಿದ್ದಾರೆ.”

“ಮೆಷಿನ್ನು ಏನಂತ ಮಾತಾಡ್ಸತ್ತೆ?”

“ಯಾಕೆ ಸುಮ್ಮನಿದ್ದೀಯಾ ಅಂತ.”

ಅದು ಯಾಕಮ್ಮ ತಾನೇ ಬರೆದ ಸಾಲು. ಕೈಯಲ್ಲಿದ್ದ ಬಟ್ಟೆ ಕ್ಲಿಪ್ಪುಗಳು ನೆಲಕ್ಕೆ ಚೆಲ್ಲಿದವು.

ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಮೇಜಿನ ಪೆಟ್ಟಿಗೆಗೆ ಕೀಬೋರ್ಡ್ ಸಿಕ್ಕಿಸಿ ನಂಬರು ಕೇಳಿದಳು. ಮೂವತ್ತೊಂದು ಎಂದಿತು. ಬಹಳ ದಿನ ಆರಿಸಿಟ್ಟ ಪೆಟ್ಟಿಗೆಯ ನಂಬರನ್ನು ನೆಟ್‌ವರ್ಕು ಬೇರೊಬ್ಬರಿಗೆ ಕೊಟ್ಟುಬಿಟ್ಟಿತ್ತು. ಹದಿನಾಲ್ಕು ಈಗ ಮಾವನ ಇಸ್ತ್ರಿ ಮೆಷಿನ್ನು. ಪೆಟ್ಟಿಗೆಗಳೆಲ್ಲ ಒಂದೇ ಮೆಮರಿ ಕಾರ್ಡಿನ ನಕಲು, ಪಾಸ್‌ವರ್ಡೂ ಒಂದೇ. ಒಳಗೆ ಹೊಕ್ಕು ನೋಡಿದರೂ ಯಾರ ಮನೆ ಎಂದು ಗುರುತು ಸಿಗುತ್ತಿರಲಿಲ್ಲ. ಅವಳ ಸಾಲುಗಳು ಹತ್ತು ಸೆಕೆಂಡು ಮಾವನ ಮುಖದ ಮುಂದೆ ನಿಂತು ಮಾಯವಾಗುತ್ತಿದ್ದವು.

ಲ್ಯಾಪ್‌ಟಾಪಿನಲ್ಲಿ ಹದಿನಾಲ್ಕನ್ನು ಅಳಿಸಿ ಮೂವತ್ತೊಂದು ಬರೆದರೆ ಮುಗಿಯಿತು. ಮಾವನಿಗೆ ಮನೆಯಲ್ಲಿ ಗುಟ್ಟಾಗಿ ಹೇಳಬಹುದು. ಮೇಡಂಗೆ ಗೊತ್ತಾಗುವುದಿಲ್ಲ, ತಿಂಗಳು ತುಂಬುತ್ತದೆ, ಕೆಲಸ ಉಳಿಯುತ್ತದೆ. ಸುಳ್ಳು ಹೇಳುವುದೇಕೆ, ಆ ದಾರಿ ಅವಳಿಗೆ ಚೆನ್ನಾಗಿಯೇ ಕಾಣಿಸಿತು. ಐದು ನಿಮಿಷ ಅದನ್ನೇ ನೋಡುತ್ತ ಕೂತಿದ್ದಳು ಕೂಡ. ಆದರೆ ಕಿಟಕಿಯಿಂದ ಕೆಳಗೆ ಮಡಚುವ ಮೇಜು ಕಾಣುತ್ತಿತ್ತು. ಡಾಕ್ಟರು ಹತ್ತು ಗಂಟೆಗೆ ಎಂದು ಅತ್ತೆ ಹೇಳಿದ್ದರೂ ಮಾವ ಬಂದು ನಿಂತಿದ್ದ. ದಿಂಬಿನ ಕವರನ್ನು ಮಡಚಿ, ಸರಿಯಾಗಿದೆಯೇ ಎಂದು ಪಕ್ಕದವಳನ್ನು ಕೇಳುತ್ತಿದ್ದ. ಮೂವತ್ತು ವರ್ಷ ಯಾರನ್ನೂ ಏನೂ ಕೇಳದೆ ಕೆಲಸ ಮಾಡಿದ ಮನುಷ್ಯ!

ಲ್ಯಾಪ್‌ಟಾಪ್ ಎದೆಗವುಚಿಕೊಂಡು ಮೆಟ್ಟಿಲಿಳಿದಳು. ಮೇಡಂ ಅಲ್ಲೇ ಇದ್ದರು.

“ಮೇಡಂ, ಎಲ್ರನ್ನೂ ಇಸ್ತ್ರಿ ಮೆಷಿನ್ ಹತ್ರ ಕರೀರಿ. ಮಾವ, ನೀವೂ ಬನ್ನಿ.”

“ಏನಮ್ಮ ಇದು, ಕೆಲಸದ ಹೊತ್ತಲ್ಲಿ?”

“ಹತ್ತೇ ಸೆಕೆಂಡ್ ಮೇಡಂ.”

ಹತ್ತು ಹನ್ನೆರಡು ಜನ ಕೈ ಒರೆಸಿಕೊಳ್ಳುತ್ತ ಸೇರಿದರು. ಮಾವ ಪರದೆಯ ಕಡೆ ನೋಡದೆ ನೆಲ ನೋಡುತ್ತ ನಿಂತ. ಯಾಕಮ್ಮ ಗುಂಡಿ ಒತ್ತಿದಳು. ‘ಯಾಕೆ ಸುಮ್ಮನಿದ್ದೀಯಾ?’ ಎಂದು ದಪ್ಪ ಅಕ್ಷರ ಮೂಡಿತು. ನಗುತ್ತಿದ್ದವರು ಪರದೆಯ ಹತ್ತಿರ ಬಗ್ಗಿದರು. ಒಬ್ಬಳು ಅಯ್ಯೋ ಎಂದು ಎರಡು ಹೆಜ್ಜೆ ಹಿಂದೆ ಸರಿದಳು.

“ಬರೆದಿದ್ದು ನಾನು,” ಎಂದಳು ಯಾಕಮ್ಮ. “ಮೇಜಿನ ಪೆಟ್ಟಿಗೆಗೆ ಕಳಿಸ್ತಿದ್ದೀನಿ ಅಂದ್ಕೊಂಡು ಮೂರು ದಿನ ಇಲ್ಲಿಗೆ ಕಳಿಸ್ದೆ. ನಂಬರ್ ನೋಡ್ಕೊಳ್ಲಿಲ್ಲ. ನಮ್ಮ ಮಾವಂಗೆ ಏನೂ ಆಗಿಲ್ಲ. ಅವ್ರು ಕಂಡಿದ್ದನ್ನೇ ಹೇಳಿದ್ದು.”

ಮೇಡಂ ಮುಖ ಕೆಂಪಾಯಿತು. “ಓಡ್ತಿರೋ ಮೆಷಿನ್ನಿಗೆ ಪ್ರಯೋಗದ ಪ್ರೋಗ್ರಾಮ್ ಹಾಕಿದ್ದೀಯಾ? ಈ ಪೆಟ್ಟಿಗೆ ಬರೀ ಪರದೇದು, ಬಿಸಿ ನೋಡ್ಕೊಳ್ಳೋದು ಇನ್ನೊಂದಿದೆ, ಬಚಾವಾದ್ವಿ. ಇಲ್ದಿದ್ರೆ ಯಾರ ಕೈ ಸುಡ್ತಿತ್ತು?” ಯಾಕಮ್ಮ ತಲೆ ತಗ್ಗಿಸಿದಳು. “ನಿನ್ನ ತಿಂಗಳು ಇವತ್ತಿಂದ ಮತ್ತೆ ಮೊದಲನೇ ದಿನ. ಎಲ್ಲ ಪೆಟ್ಟಿಗೆಗೂ ಬೇರೆ ಬೇರೆ ಹೆಸರು, ಬೇರೆ ಬೇರೆ ಪಾಸ್‌ವರ್ಡ್ ಕೊಟ್ಟ ಮೇಲೇ ಮುಂದಿನ ಮಾತು.” ಆಮೇಲೆ ಮಾವನ ಕಡೆ ತಿರುಗಿ ದನಿ ತಗ್ಗಿಸಿದರು. “ನೀವು ನಿಮ್ಮ ಮೆಷಿನ್ನಿಗೆ ಬನ್ನಿ. ನಂದೂ ತಪ್ಪಾಯ್ತು.”

ಜನ ಚದುರಿದರು. ಬೈಗುಳಕ್ಕೆ ಸಿದ್ಧಳಾಗಿ ಯಾಕಮ್ಮ ಮಾವನ ಎದುರು ನಿಂತಳು. ಅವನು ಬೈಯಲಿಲ್ಲ. ಆಗಲೇ ಖಾಲಿಯಾಗಿದ್ದ ಪರದೆಯನ್ನು ಬೆರಳಿನಿಂದ ಒಮ್ಮೆ ಮುಟ್ಟಿದ.

“ಹಾಗಾದ್ರೆ ನಾನು ಹೇಳಿದ್ದು ನಿಂಗೆ ಕೇಳಿಸ್ಲಿಲ್ವಾ?”

“ಏನು ಹೇಳಿದ್ರಿ ಮಾವ?”

“ಕೇಳ್ತಿತ್ತಲ್ಲ, ಯಾಕೆ ಸುಮ್ಮನಿದ್ದೀಯಾ ಅಂತ. ಯಾರೂ ಇಲ್ದಾಗ ಹೇಳ್ದೆ.” ಅವನು ಒದ್ದೆ ಬೆಡ್‌ಶೀಟಿನ ಅಂಚು ಹುಡುಕುತ್ತ ಹೇಳಿದ. “ಭಯ ಆಗ್ತಿದೆ, ಮನೇಲಿ ಹೇಳಕ್ಕೆ ಆಗ್ತಿಲ್ಲ ಅಂದೆ.”

ಯಾಕಮ್ಮ ಲ್ಯಾಪ್‌ಟಾಪನ್ನು ನೆಲದ ಮೇಲಿಟ್ಟು ಬೆಡ್‌ಶೀಟಿನ ಇನ್ನೊಂದು ಅಂಚು ಹಿಡಿದುಕೊಂಡಳು.

“ಈಗ ಹೇಳಿ ಮಾವ,” ಎಂದಳು. “ಮೊದಲಿಂದ ಹೇಳಿ.”